ಮುಸುಕು, ಮೇಲಂಗಿ ಮತ್ತು ಅಂತರ್ಜಾಲ



ಹಿಂದೆ ಕಲಾಕೃತಿಯೊಂದನ್ನು ನೋಡಬೇಕಾದರೆ ಅದಿದ್ದಲ್ಲಿಗೆ ನಾವೇ ಹೋಗಬೇಕಾಗಿತ್ತು. ಈಗ ಅದರ ಚಿತ್ರವು ಅಂತರ್ಜಾಲದ ಮೂಲಕ ಮೊದಲೇ ನಮ್ಮ ಅಂಗೈಗೆ ಬಂದಿರುತ್ತದೆ. ಕೃತಿಯ ಹಣೆಬರಹವನ್ನು ಬಹುಮಟ್ಟಿಗೆ ಆ ಚಿತ್ರವೇ ನಿರ್ಧರಿಸುತ್ತದೆ. ನಿದರ್ಶನಕ್ಕೆ ನಮ್ಮ ದೋಹಾ ನಗರವೇ ಸಾಕು.

ಸಿದ್ರಾ ಆಸ್ಪತ್ರೆಯ ಮುಂದೆ ಬ್ರಿಟಿಷ್ ಕಲಾವಿದ ಡೇಮಿಯನ್ ಹರ್ಸ್ಟ್ ರಚಿಸಿದ 14 ಕಂಚಿನ ಶಿಲ್ಪಗಳಿವೆ. ಗರ್ಭಾಂಕುರದಿಂದ ಜನನದವರೆಗಿನ ಬೆಳವಣಿಗೆಯೇ ಅವುಗಳ ವಸ್ತು. ಕೊನೆಯ ಶಿಶುವಿನ ಎತ್ತರ ಸುಮಾರು 14 ಮೀಟರ್. ವೈದ್ಯನಾದ ನನಗೆ ಅದು ಹಂತಹಂತವಾಗಿ ಓದಬೇಕಾದ ಪಾಠ. ಆದರೆ ಮೊಬೈಲಿನ ಚೌಕಟ್ಟಿಗೆ ಹಿಡಿಸುವುದು ಒಂದೋ ಎರಡೋ ಹಂತ ಮಾತ್ರ. 2013ರ ಅಕ್ಟೋಬರಿನಲ್ಲಿ ಅವು ಅನಾವರಣಗೊಂಡಾಗ ಸಾಮಾಜಿಕ ಜಾಲತಾಣಗಳಲ್ಲಿ ತೀವ್ರ ಆಕ್ಷೇಪಗಳೆದ್ದವು. ಬಳಿಕ ಶಿಲ್ಪಗಳಿಗೆ ಮುಸುಕು ಬಿತ್ತು; ಕಟ್ಟಡದ ಕಾಮಗಾರಿಯಿಂದ ರಕ್ಷಣೆಗೆಂಬ ವಿವರಣೆಯೂ ಬಂತು. ಮುಸುಕು ಸರಿದದ್ದು 2018ರಲ್ಲಿ. ಅದೇ 2013ರಲ್ಲಿ ಕಾರ್ನಿಷ್‌ನಲ್ಲಿ ನಿಂತ, ಜಿದಾನ್ ತಲೆಯಿಂದ ಗುದ್ದುವ ಬೃಹತ್ ಪ್ರತಿಮೆಯೂ ಇಂಥದೇ ಆಕ್ಷೇಪಕ್ಕೆ ಗುರಿಯಾಗಿ ಕೆಲವೇ ವಾರಗಳಲ್ಲಿ ತೆರವಾಯಿತು. 2022ರಲ್ಲಿ ಕ್ರೀಡಾ ವಸ್ತುಸಂಗ್ರಹಾಲಯಕ್ಕೆ ಮರಳಿತು.

ಕಲೆಯ ಮಾತು ಹೀಗಾದರೆ ಉಡುಪಿನದು ಇನ್ನೂ ಸ್ವಾರಸ್ಯಕರ. 2022ರ ಡಿಸೆಂಬರ್ 18ರಂದು ಲುಸೈಲ್ ಕ್ರೀಡಾಂಗಣದಲ್ಲಿ ಖತಾರಿನ ಅಮೀರರು ಮೆಸ್ಸಿಯ ಹೆಗಲಿಗೆ ಜರಿಯಂಚಿನ ಕಪ್ಪು ಬಿಷ್ತ್ ಹೊದಿಸಿದರು. ಕ್ಷಣಮಾತ್ರದಲ್ಲಿ ಆ ಚಿತ್ರ ಲೋಕವನ್ನೇ ಸುತ್ತಿತು. ತಂಡದ ಅಂಗಿ ಮರೆಯಾಯಿತೆಂದು ಪಶ್ಚಿಮದ ಕೆಲವು ವಿವರಣೆಕಾರರು ಗೊಣಗಿದರು. ಅರಬರು ಅದನ್ನು ಸನ್ಮಾನವೆಂದೇ ಕಂಡರು. ಇತ್ತ ಸೂಕ್ ವಾಕಿಫ್‌ನಲ್ಲಿ, ದಿನಕ್ಕೆ ಎಂಟು ಹತ್ತು ಬಿಷ್ತ್ ಮಾರುತ್ತಿದ್ದ ಅಂಗಡಿಯೊಂದರಲ್ಲಿ ಮರುದಿನ 150 ಮಾರಾಟವಾದುದಾಗಿ ವರದಿಯಾಯಿತು. ಕೊಂಡವರಲ್ಲಿ ಅರ್ಜೆಂಟೀನಾದ ಅಭಿಮಾನಿಗಳೂ ಇದ್ದರು. ಮದುವೆ, ಹಬ್ಬ, ರಾಜಸಭೆಗಳಿಗೆ ಮೀಸಲಾದ ವಸ್ತ್ರವನ್ನು ಅವರು ತೊಟ್ಟದ್ದು ಫುಟ್‌ಬಾಲಿನ ನೆನಪಿಗೆ. ಇದನ್ನು ಅಪಚಾರವೆನ್ನಲು ನನ್ನ ಮನಸ್ಸು ಒಪ್ಪದು. ಆದರೆ ಚಿತ್ರದೊಡನೆ ಉಡುಪು ಪಯಣಿಸಿತು, ಅದನ್ನು ತೊಡುವ ಸಂದರ್ಭ ಪಯಣಿಸಲಿಲ್ಲ.

ಇದು ನಮ್ಮ ಮನೆಯ ವಿಷಯವೂ ಹೌದು. ಸಮಾರಂಭಗಳಲ್ಲಿ ನಾವು ಹಿರಿಯರಿಗೆ ಶಾಲು ಹೊದಿಸಿ ಮೈಸೂರು ಪೇಟ ತೊಡಿಸುತ್ತೇವೆ. ಮಕ್ಕಳು ಆ ಚಿತ್ರವನ್ನು ಮೊಬೈಲಿನಲ್ಲಿ ಗೆಳೆಯರಿಗೆ ಕಳುಹಿಸುತ್ತಾರೆ. ನೋಡಿದವರಿಗೆ ಅದು ಬಣ್ಣದ ವೇಷವೆಂದೇ ತೋರೀತು. ಅರಬ್ ಸಹಪಾಠಿಯಾರಾದರೂ ಇದೇನೆಂದು ಕೇಳಿದರೆ ಮಕ್ಕಳು ಮೆಸ್ಸಿಯ ಹೆಗಲ ಮೇಲಿನ ಬಿಷ್ತ್ ನೆನಪಿಸಲಿ, ತಟ್ಟನೆ ತಿಳಿದೀತು.