ಕಾರನ್ನು ಮನೆಯಲ್ಲಿ ಬಿಟ್ಟು

ಮೂರು ದಿನಗಳ ಮಟ್ಟಿಗೆ ಮಕ್ಕಳೊಡನೆ ಮೈಸೂರಿಗೆ ಹೋಗಿಬರುವುದೆಂದೂ, ಕಾರನ್ನು ಮಾತ್ರ ಒಯ್ಯುವುದಿಲ್ಲವೆಂದೂ ನಾನು ಹೇಳಿದಾಗ, ಅಡಕೆಯ ಹೋಳನ್ನು ಬಾಯಿಗೆ ಹಾಕಿಕೊಳ್ಳಲಿದ್ದ ನೆರೆಮನೆಯ ಹಿರಿಯರು ಕೈಯನ್ನು ಅಲ್ಲಿಯೇ ತಡೆದು, "ಯಾಕೆ ಮಾಷ್ಟ್ರೆ, ಗಾಡಿ ಗ್ಯಾರೇಜಿನಲ್ಲಿ ಉಂಟಾ?" ಎಂದು ಕೇಳಿದರು.

"ಇಲ್ಲ, ಗಾಡಿ ಸರಿಯೇ ಉಂಟು."

"ಮತ್ತೆ? ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬಸ್ಸಿನಲ್ಲಿ ನೇತಾಡುವುದಾ?"

ಆ ಪ್ರಶ್ನೆಗೆ ನಾನು ನಕ್ಕು ಸುಮ್ಮನಾದೆ. ಸರಿಯಾದ ಉತ್ತರವನ್ನು ಕೊಡುವುದಿದ್ದರೆ ನಮ್ಮ ನಂದಿಕೂರಿನ ರಸ್ತೆಯಿಂದಲೇ ಮಾತನ್ನು ಆರಂಭಿಸಬೇಕಾಗುತ್ತಿತ್ತು.

ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ರಸ್ತೆಯ ಮೇಲೆ ನಮ್ಮ ಊರಿದೆ. ನಾನು ಹುಡುಗನಾಗಿದ್ದಾಗ ಆ ರಸ್ತೆಯ ಅಂಚಿನಲ್ಲಿ ಎಷ್ಟು ಸಲ ಪಡುಬಿದ್ರಿಗೆ ನಡೆದು ಹೋಗಿ ನಡೆದು ಬಂದಿರುವೆನೋ ಲೆಕ್ಕವಿಲ್ಲ. ಆಮೇಲೆ ಎಲ್ಲೂರಿನ ವಿದ್ಯುತ್ ಸ್ಥಾವರ ಬಂತು, ಊರಿನ ಮಗ್ಗುಲಲ್ಲಿ ಕೈಗಾರಿಕೆಗಳು ಬಂದವು, ಅವುಗಳ ಹಿಂದೆ ಲಾರಿಗಳೂ ಬಂದವು. ಅತ್ತ ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾಗಿ, ಪಡುಬಿದ್ರಿ ಪೇಟೆಯಲ್ಲಿ ಈ ಬದಿಯಿಂದ ಆ ಬದಿಗೆ ದಾಟುವುದೇ ಒಂದು ಸಾಹಸವಾಯಿತು. ಹಾಗಾಗಿ ನಮ್ಮ ಮನೆಯ ಇಬ್ಬರು ಹುಡುಗಿಯರನ್ನೂ, ಹದಿನೇಳರವಳನ್ನೂ ಹದಿನಾಲ್ಕರವಳನ್ನೂ, ನಾನು ಕಾರಿನಲ್ಲಿಯೇ ಕರೆದೊಯ್ದು ಕಾರಿನಲ್ಲಿಯೇ ಕರೆತಂದಿದ್ದೇನೆ. ಶಾಲೆಗೆ ಕಾರು, ಸಂಗೀತ ಪಾಠಕ್ಕೆ ಕಾರು, ಅಜ್ಜಿಯ ಮನೆಗೆ ಕಾರು. ಕಿಟಕಿಯ ಗಾಜಿನ ಹಿಂದೆ ಕುಳಿತು ಅವರು ಬೆಳೆದರು. ಹಳ್ಳಿಯಲ್ಲಿ ಹುಟ್ಟಿದ ಮಕ್ಕಳು ದಾರಿ ನಡೆಯುವುದನ್ನು ಕಲಿಯಲು ಪಟ್ಟಣಕ್ಕೆ ಹೋಗಬೇಕಾಗಿದೆ ಎಂದರೆ ನಮ್ಮ ಹಿರಿಯರು ನಂಬಿಯಾರೆ? ಶಾಂಭವಿಗೂ ಉದ್ಯಾವರ ಹೊಳೆಗೂ ಸೇತುವೆಯಾಗುವ ಮೊದಲು, ದೋಣಿ ದಾಟಿ, ಗಂಟು ಹೊತ್ತು ನಡೆದವರು ಅವರು.

ಈಗ ಇದು ನೆನಪಾದುದಕ್ಕೂ ಒಂದು ಕಾರಣವಿದೆ. ಮೈಸೂರಿನ ಮಾನಸಗಂಗೋತ್ರಿಯ ಪಕ್ಕದಲ್ಲಿ 1963ರಲ್ಲಿ ಸ್ಥಾಪನೆಯಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಿದೆಯಷ್ಟೆ. ಅಲ್ಲಿ ವಿಜ್ಞಾನವನ್ನೂ ಶಿಕ್ಷಕ ತರಬೇತಿಯನ್ನೂ ಕೂಡಿಸಿ ಕಲಿಸುವ ನಾಲ್ಕು ವರ್ಷದ ಶಿಕ್ಷಣವನ್ನು ಪಡೆಯಬೇಕೆಂಬುದು ಹಿರಿಯವಳ ಹಂಬಲ. ಸೀಟು ದೊರೆಯುವುದು ಬಿಡುವುದು ಮುಂದಿನ ಮಾತು. ದೊರೆತರೆ ಅವಳು ಆ ಊರಿನಲ್ಲಿ ಒಬ್ಬಳೇ ಬಸ್ಸು ಹತ್ತಬೇಕು, ಒಬ್ಬಳೇ ಇಳಿಯಬೇಕು. ಹದಿನೇಳು ವರ್ಷ ತುಂಬಿದ ಆ ಹುಡುಗಿ ಅದುವರೆಗೆ ಒಂದು ದಿನವಾದರೂ ಒಬ್ಬಳೇ ಬಸ್ಸು ಹತ್ತಿದವಳಲ್ಲ. ತಪ್ಪು ಅವಳದಲ್ಲ, ನನ್ನದು.

ದಸರೆಯ ನೂಕುನುಗ್ಗಲು ಮುಗಿದ ಮೇಲೆ, ನವೆಂಬರಿನಲ್ಲಿ ಹೋಗುವುದೆಂದಾಯಿತು. ಊಟದ ಮೇಜಿನ ಮೇಲೆ ಕಾಗದ ಬಂತು. ಮೊದಲು ನನ್ನ ಪಟ್ಟಿಯನ್ನು ಬರೆದೆ. ಕನ್ನಡ ಎಂ.ಎ. ಮಾಡಲು ನಾನು ಮಾನಸಗಂಗೋತ್ರಿಯಲ್ಲಿ ಎರಡು ವರ್ಷ ಇದ್ದವನು. ಪಟ್ಟಿಯಲ್ಲಿ ಇದ್ದುದೆಲ್ಲ ಆ ಎರಡು ವರ್ಷಗಳೇ. ಕುವೆಂಪು ಅವರು ತಿರುಗಾಡುತ್ತಿದ್ದ ಕುಕ್ಕರಹಳ್ಳಿ ಕೆರೆಯ ದಂಡೆ, ಅವರ 'ಉದಯರವಿ', 1891ರಲ್ಲಿ ಆರಂಭವಾದ ಪ್ರಾಚ್ಯ ಪುಸ್ತಕಾಲಯ. ಇದೇ ಪುಸ್ತಕಾಲಯದಲ್ಲಿ ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿಯನ್ನು ಗುರುತಿಸಿದರು, 1909ರಲ್ಲಿ ಅಚ್ಚು ಮಾಡಿಸಿದರು. ಕೊನೆಯಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಹಳೆಯ ಪುಸ್ತಕದ ಅಂಗಡಿಗಳು.

ಕಿರಿಯವಳು ಮೊಬೈಲಿನಲ್ಲಿ ನೋಡುತ್ತ ಒಂದೊಂದಕ್ಕೂ ಗುರುತು ಹಾಕುತ್ತಿದ್ದವಳು ಕೊನೆಯ ಸಾಲಿಗೆ ಬಂದು ನಿಂತಳು. "ಅಪ್ಪ, ಇದು 2012ರಲ್ಲಿ ಕುಸಿದು ಜನ ಸತ್ತರಂತಲ್ಲ?" ಎಂದಳು. ಹೌದು, ನನಗದು ಗೊತ್ತಿತ್ತು. ಪತ್ರಿಕೆಯಲ್ಲಿ ಓದಿ ದುಃಖಪಟ್ಟದ್ದೂ ಉಂಟು. ಆದರೂ ಪಟ್ಟಿ ಬರೆಯುವಾಗ ಕೈ ತನ್ನಷ್ಟಕ್ಕೆ ಅಲ್ಲಿಗೆ ಹೋಗಿತ್ತು. ನಾನು ಮಕ್ಕಳಿಗೆ ತೋರಿಸಲು ಹೊರಟಿದ್ದ ಊರು ಎಷ್ಟರಮಟ್ಟಿಗೆ ಮೈಸೂರು, ಎಷ್ಟರಮಟ್ಟಿಗೆ ನನ್ನ ಇಪ್ಪತ್ತೆರಡನೆಯ ವಯಸ್ಸು ಎಂಬ ಸಂದೇಹ ಆಗ ಹುಟ್ಟಿತು. ಕಾಗದವನ್ನು ಅವರ ಕಡೆಗೆ ಸರಿಸಿಬಿಟ್ಟೆ.

ಅವರ ಪಟ್ಟಿಯೇ ಬೇರೆ. ಚಾಮುಂಡಿ ಬೆಟ್ಟವನ್ನು ಮೆಟ್ಟಿಲು ಹತ್ತಿಯೇ ಏರಬೇಕು, ಬಸ್ಸಿನಲ್ಲಿ ಇಳಿಯಬೇಕು. ದೇವರಾಜ ಮಾರುಕಟ್ಟೆಯಲ್ಲಿ ಏನನ್ನೂ ಕೊಳ್ಳುವ ಅವಸರವಿಲ್ಲದೆ ಅಲೆಯಬೇಕು. ಅರಮನೆಗೆ ದೀಪ ಹಾಕುವ ಭಾನುವಾರದ ಸಂಜೆ ಅಲ್ಲಿರಬೇಕು. ಒಂದು ಹೊತ್ತು ಏನೂ ಕಾರ್ಯಕ್ರಮವಿಲ್ಲದೆ ಇರಬೇಕು. ಈ ಕೊನೆಯ ಬೇಡಿಕೆಯನ್ನು ನಾನು ಸೋಮಾರಿತನವೆಂದು ತಿಳಿದಿದ್ದೆ; ಪ್ರವಾಸದಲ್ಲಿ ಅತ್ಯಂತ ಸುಖವಾಗಿ ಕಳೆದದ್ದು ಅದೇ ಹೊತ್ತು. ನಗರದಲ್ಲಿ 2017ರಲ್ಲಿ ಆರಂಭವಾದ 'ಟ್ರಿಣ್ ಟ್ರಿಣ್' ಬಾಡಿಗೆ ಸೈಕಲ್ಲಿನ ವಿಷಯ ಕಿರಿಯವಳಿಗೆ ಗೊತ್ತಿತ್ತು. ಎರಡು ದಿನಕ್ಕೆ ಕಾಲುಗಳೇ ಸಾಕೆಂದು ಅಕ್ಕ ಅದನ್ನು ಹೊಡೆದುಹಾಕಿದಳು. ಉದಯರವಿ ಉಳಿಯಿತು, ನನ್ನ ಮೇಲಿನ ದಾಕ್ಷಿಣ್ಯದಿಂದ ಇರಬೇಕು.

ಹೋಗುವ ಬಗೆ ಹೇಗೆ? ಮುರ್ಡೇಶ್ವರದಿಂದ ಹೊರಟು ಉಡುಪಿ, ಮಂಗಳೂರು, ಮೈಸೂರುಗಳ ಮೂಲಕ ಬೆಂಗಳೂರಿಗೆ ಹೋಗುವ ರಾತ್ರಿಯ ರೈಲೊಂದಿದೆ. 1998ರಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲ್ವೆಯ ಮಾರ್ಗದಲ್ಲಿ ನಂದಿಕೂರೂ ಒಂದು ರೈಲು ನಿಲ್ದಾಣವೇ. ಆದರೆ ದೂರದ ಗಾಡಿಗಳು ನಮ್ಮೂರನ್ನು ಕಂಡು ಸೀಟಿ ಹಾಕುವುದೇ ಹೊರತು ನಿಲ್ಲುವುದಿಲ್ಲ. ಆದಕಾರಣ ನಾವು ದಕ್ಷಿಣಕ್ಕೆ ಹೋಗಲು ಮೊದಲು ಉತ್ತರಕ್ಕೆ ಹೋಗಬೇಕು: ಸರ್ವೀಸ್ ಬಸ್ಸಿನಲ್ಲಿ ಪಡುಬಿದ್ರಿ, ಅಲ್ಲಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಉಡುಪಿ, ಉಡುಪಿಯಲ್ಲಿ ರೈಲು ಹತ್ತಿ ಮತ್ತೆ ನಂದಿಕೂರನ್ನು ಹಾದು ಮುಂದಕ್ಕೆ! ಸುಬ್ರಹ್ಮಣ್ಯ ರಸ್ತೆಯಿಂದ ಸಕಲೇಶಪುರದವರೆಗಿನ ಘಟ್ಟದಲ್ಲಿ 57 ಸುರಂಗಗಳಿವೆಯೆಂದು ನಾನು ಹೇಳಿದಾಗ, "ರಾತ್ರಿಯಲ್ಲಿ ಎಲ್ಲವೂ ಒಂದೇ ಸುರಂಗ" ಎಂದಳು ಕಿರಿಯವಳು. ಆದುದರಿಂದ ಮರಳುವಾಗ ಹಗಲಿನ ಬಸ್ಸು, ಮಡಿಕೇರಿ ಸಂಪಾಜೆಯ ದಾರಿ.

ಬಸ್ಸಿನ ಮಾತು ಬಂದಾಗ ಮನೆಯಲ್ಲಿ ನನ್ನ ಸ್ಥಾನಮಾನ ಸ್ವಲ್ಪ ಇಳಿಯಿತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ರಾಜ್ಯದ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ನಮ್ಮ ಕರಾವಳಿಯಲ್ಲಿ ಬಸ್ಸೆಂದರೆ ಬಹುತೇಕ ಖಾಸಗಿಯವರದು. ಹೀಗಾಗಿ ಈ ಸೌಲಭ್ಯದ ರುಚಿ ನಮ್ಮ ಹುಡುಗಿಯರಿಗೆ ಅಷ್ಟಾಗಿ ತಿಳಿಯದು. ಘಟ್ಟ ಹತ್ತಿದ ಕೂಡಲೆ ಅವರು ರಾಜಕುಮಾರಿಯರು, ನಾನು ದುಡ್ಡು ಕೊಡಬೇಕಾದ ಏಕೈಕ ಪ್ರಜೆ. ಕಾರಿನ ಪೆಟ್ರೋಲಿನ ಲೆಕ್ಕವನ್ನೂ ಇದನ್ನೂ ಅಕ್ಕಪಕ್ಕದಲ್ಲಿಟ್ಟು ಹಿರಿಯವಳು ಕಾಗದದ ಅಂಚಿನಲ್ಲಿ ವ್ಯವಕಲನ ಮಾಡಿದಳು. ಉಳಿತಾಯ ಪುಸ್ತಕಗಳಿಗೆ ಎಂದು ಬರೆದಳು.

ಅವರ ತಾಯಿ ಅತ್ತೆಯ ಆರೈಕೆಗಾಗಿ ಮನೆಯಲ್ಲಿ ಉಳಿಯುವವಳು. ಅವಳ ಪ್ರಶ್ನೆ ಒಂದೇ: "ಗಾಡಿ ಬೆಳಗಾಗುವ ಮೊದಲೇ ಮುಟ್ಟುತ್ತದಲ್ಲ, ಕತ್ತಲೆಯಲ್ಲಿ ಇವರನ್ನು ಕೂರಿಸಿಕೊಂಡು ಎಲ್ಲಿರುತ್ತೀರಿ?" ನಿಲ್ದಾಣದಲ್ಲಿ ಹೆಂಗಸರ ವಿಶ್ರಾಂತಿ ಕೊಠಡಿ ಇದೆ ಎಂದೆ. "ಅಲ್ಲಿಗೆ ನಿಮ್ಮನ್ನು ಬಿಡುತ್ತಾರೆಯೆ?" ಎಂದಳು. ಬಿಡುವುದಿಲ್ಲ. ಬೆಳಕು ಹರಿಯುವ ತನಕ ಅವರು ಒಳಗೆ, ನಾನು ಹೊರಗೆ ಬೆಂಚಿನ ಮೇಲೆ. ವಸತಿಗೃಹ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ. ಮಕ್ಕಳ ಕೋಣೆಗೆ ಹೊಂದಿಕೊಂಡೇ ನನ್ನ ಕೋಣೆ. ಇಷ್ಟಕ್ಕೆ ಅವಳು ಒಪ್ಪಿದಳು.

ಪಟ್ಟಿಯ ಕೊನೆಯಲ್ಲಿ ಒಂದು ಸಾಲನ್ನು ಯಾರೋ ಪೆನ್ಸಿಲಿನಿಂದ ಸಣ್ಣಗೆ ಬರೆದಿದ್ದರು: 'ಎರಡನೆಯ ದಿನ, 3ರಿಂದ 5: ಅಕ್ಕ ಒಬ್ಬಳೇ.' ಅಕ್ಷರ ಕಿರಿಯವಳದು. ನಾನು ಅದನ್ನು ಓದಿದೆ. ಅವರ ತಾಯಿ ಓದಿದ್ದನ್ನೂ ನೋಡಿದೆ. ಇಬ್ಬರೂ ಅದರ ಮಾತನ್ನೆತ್ತಲಿಲ್ಲ.

ಹೊರಟ ದಿನ ಉಡುಪಿಯಿಂದ ರೈಲು ಪಡುಬಿದ್ರಿಯನ್ನು ದಾಟುವಾಗ ನಾವು ಮೂವರೂ ಬಾಗಿಲ ಬಳಿಗೆ ಬಂದೆವು. ನಂದಿಕೂರಿನ ಪ್ಲಾಟ್‌ಫಾರ್ಮಿನಲ್ಲಿ ಅವಳು ಬಂದು ನಿಂತಿದ್ದಳು. ಮುಡಿಯಲ್ಲಿ ಶಂಕರಪುರ ಮಲ್ಲಿಗೆ. ಕೈ ಬೀಸಿದಳೋ, ಬಿಸಿಲಿಗೆ ಅಡ್ಡ ಹಿಡಿದಳೋ, ತಿಳಿಯುವಷ್ಟರಲ್ಲಿ ನಿಲ್ದಾಣ ಹಿಂದೆ ಬಿದ್ದಿತ್ತು.

ಮೈಸೂರಿನ ಮೊದಲನೆಯ ದಿನವನ್ನು ವಿಸ್ತರಿಸಬೇಕಾಗಿಲ್ಲ. 17ನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದರೆನ್ನುವ ಮೆಟ್ಟಿಲುಗಳನ್ನು ಇಬ್ಬರೂ ಎಣಿಸುತ್ತ ಹತ್ತಿದರು. ಇಬ್ಬರ ಲೆಕ್ಕವೂ ಕೂಡಲಿಲ್ಲ. ಏಕಶಿಲೆಯ ಮಹಾನಂದಿಯ ಮುಂದೆ ಏದುಸಿರು ಬಿಡುತ್ತ ನಿಂತ ಕಿರಿಯವಳು "ನಮ್ಮೂರಿನವನೇ!" ಎಂದಳು. ಇಳಿಯಲು 201ನೆಯ ನಂಬರಿನ ಬಸ್ಸು. ಮಾರುಕಟ್ಟೆಯಲ್ಲಿ ಹೂವನ್ನು ಮೊಳದಲ್ಲಿ ಅಳೆಯುವುದನ್ನು ಕಂಡು, ಚೆಂಡು ಅಟ್ಟೆಗಳ ಲೆಕ್ಕದಲ್ಲಿ ಬೆಳೆದ ಹುಡುಗಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ನಕ್ಕರು. ಬೀದಿಯ ಎರಡೂ ಬದಿಗೆ ಮರಗಳಿದ್ದರೆ, ಕಾಲುದಾರಿ ತಕ್ಕಮಟ್ಟಿಗಾದರೂ ಇದ್ದರೆ, ಮಕ್ಕಳ ನಡಿಗೆ ಎಷ್ಟು ಬೇಗ ಬದಲಾಗುತ್ತದೆಂದರೆ, ಸಂಜೆಯ ಹೊತ್ತಿಗೆ ಅವರು ಮುಂದೆ ಹೋಗುತ್ತಿದ್ದರು, ನಾನು ಹಿಂದೆ ಬರುತ್ತಿದ್ದೆ.

ಎರಡನೆಯ ದಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗನ್ನು ಕಳೆದೆವು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, 1864ರ ಕೆರೆ ಅದು. ಕಾಲೇಜಿನ ತರಗತಿಯಲ್ಲಿ ನಾನು ಎಷ್ಟೋ ವರ್ಷ ಅದನ್ನು ವರ್ಣಿಸಿದ್ದೇನೆ. ಮಕ್ಕಳ ಮುಂದೆ ಏಕೋ ಬಾಯಿ ಬರಲಿಲ್ಲ. ಊಟವಾದ ಮೇಲೆ ಶಿಕ್ಷಣ ಸಂಸ್ಥೆಯ ಬಾಗಿಲಿನ ತನಕ ಮೂವರೂ ಹೋದೆವು. ಗಂಟೆ ಮೂರಾಗಿತ್ತು. "ನೀವು ಹೋಗಿ. ನಾನು ನೋಡಿಕೊಂಡು, ಬಸ್ಸಿನಲ್ಲಿ ನಗರ ನಿಲ್ದಾಣಕ್ಕೆ ಬರುತ್ತೇನೆ, ಐದಕ್ಕೆ" ಎಂದಳು ಹಿರಿಯವಳು. ಹಣ ಇದೆಯೆ ಎಂದೆ. ಬಸ್ಸು ಉಚಿತ ಎಂದಳು. ಗುರುತಿನ ಚೀಟಿ ಇದೆಯೆ ಎಂದೆ. ತೆಗೆದು ತೋರಿಸಿದಳು. ಇನ್ನೇನನ್ನು ಕೇಳಬೇಕೆಂದು ತೋಚದೆ ನೀರಿನ ಬಾಟಲಿಯನ್ನು ಕೊಟ್ಟೆ.

ಐದು ಗಂಟೆಗೆ ನಾನೂ ಕಿರಿಯವಳೂ ಅರಮನೆಯ ಸಮೀಪದ ನಗರ ಬಸ್ ನಿಲ್ದಾಣದಲ್ಲಿ ನಿಂತಿದ್ದೆವು. ಐದು ಕಾಲಾಯಿತು. ಮಾನಸಗಂಗೋತ್ರಿಯ ಕಡೆಯಿಂದ ಬಂದ ಎರಡು ಬಸ್ಸುಗಳು ಖಾಲಿಯಾದವು. ಫೋನು ಜೇಬಿನಲ್ಲಿತ್ತು, ಕೈ ನಾಲ್ಕು ಸಲ ಅಲ್ಲಿಗೆ ಹೋಯಿತು. "ಮಾಡಬೇಡಿ ಅಪ್ಪ" ಎಂದಳು ಕಿರಿಯವಳು. ಅಷ್ಟರಲ್ಲಿ ನಂದಿಕೂರಿನಿಂದಲೇ ಫೋನು ಬಂತು. "ಎಲ್ಲರೂ ಒಟ್ಟಿಗೆ ಇದ್ದೀರಾ?" ಎಂದು ಅವಳು ಕೇಳಿದಳು. ನಾನು "ಹೂಂ" ಎಂದೆ. ಮದುವೆಯಾಗಿ ಇಪ್ಪತ್ತು ವರ್ಷಗಳಲ್ಲಿ ಇಷ್ಟು ಸಣ್ಣ ಅಕ್ಷರದ ಇಷ್ಟು ದೊಡ್ಡ ಸುಳ್ಳನ್ನು ನಾನು ಹೇಳಿದ ನೆನಪಿಲ್ಲ.

ಐದೂವರೆಗೆ ಬೆನ್ನ ಹಿಂದಿನಿಂದ ಧ್ವನಿ ಕೇಳಿಸಿತು.

"ಅಪ್ಪ, ನೀವು ಎಲ್ಲಿ ನಿಂತಿದ್ದೀರಿ? ಬೆಟ್ಟದ ಬಸ್ಸುಗಳು ಹೊರಡುವ ಜಾಗ ಇದು. ನಾನು ಆಚೆಯ ತುದಿಯಲ್ಲಿ ಐದರಿಂದ ಕಾಯುತ್ತಿದ್ದೇನೆ."

ಅವಳು ಒಂದು ನಿಲ್ದಾಣ ಮೊದಲೇ ಇಳಿದು, ದಾರಿ ಕೇಳಿ, ನಡೆದೇ ಬಂದಿದ್ದಳಂತೆ. ಹಾಸ್ಟೆಲನ್ನು ಹೊರಗಿನಿಂದ ನೋಡಿದಳಂತೆ. ಹೆಚ್ಚಿನದನ್ನು ಆಗ ಹೇಳಲಿಲ್ಲ, ನಾನೂ ಕೇಳಲಿಲ್ಲ. ರಾತ್ರಿ ಬಹಳ ಹೊತ್ತು ತಂಗಿಗೆ ಹೇಳುತ್ತಿದ್ದುದು ಗೋಡೆಯಾಚೆಯಿಂದ ಕೇಳಿಸುತ್ತಿತ್ತು.

ವಸತಿಗೃಹದ ಕಡೆಗೆ ಹೋಗುವ ಬಸ್ಸನ್ನು ಹುಡುಕಿದವಳೂ ಅವಳೇ. ಮುಂದೆ ಹತ್ತಿ, ತಂಗಿಗೆ ಕಿಟಕಿಯ ಜಾಗ ಬಿಟ್ಟು, ನನಗೆ ಕಂಬ ತೋರಿಸಿದಳು. ನಿರ್ವಾಹಕರು ಅವರಿಬ್ಬರಿಗೂ ಶೂನ್ಯದ ಚೀಟಿ ಹರಿದುಕೊಟ್ಟು ನನ್ನ ಮುಂದೆ ಕೈ ಚಾಚಿದರು. ನನ್ನಲ್ಲಿ ಐನೂರರ ನೋಟು ಮಾತ್ರ ಇತ್ತು. ಚಿಲ್ಲರೆಯನ್ನು ಹಿರಿಯವಳು ಕೊಟ್ಟಳು.