ಹಳೆಯ ಕಂಪ್ಯೂಟರಿಗೆ ಹೊಸ ಉಗ್ರಾಣ

ಗಾಜುವಾಕದ ಪೇಟೆಯಲ್ಲಾಗಲಿ, ಆಟೋನಗರದ ಆಸುಪಾಸಿನಲ್ಲಾಗಲಿ, ದೂರದ ವಿಜಯವಾಡದಲ್ಲಾಗಲಿ ನಮ್ಮವರು ನಡೆಸುವ ಹೋಟೆಲುಗಳ ಗಲ್ಲಾದಲ್ಲಿ ಕಂಪ್ಯೂಟರು ಕಾಣದಿರುವುದು ಈಗ ಅಪೂರ್ವ. 2017ನೆಯ ಇಸವಿ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಾಗ, ಕೈಬರಹದ ಬಿಲ್ಲುಪುಸ್ತಕವನ್ನು ಬದಿಗಿರಿಸಿ ಯಂತ್ರವನ್ನು ಕೊಂಡವರು ಅನೇಕರು. ಆ ಯಂತ್ರಗಳಿಗೆ ಇಂದು ವಯಸ್ಸಾಗಿದೆ. ಬೆಳಗಿನ ಜಾವ ಗುಂಡಿ ಒತ್ತಿದರೆ, ಮೊದಲ ಗಿರಾಕಿ ಇಡ್ಲಿ ತಿಂದು ಕಾಫಿ ಮುಗಿಸಿ ಬಂದು ನಿಂತಾಗಲೂ ತೆರೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಗಿರಾಕಿಯ ಅಸಮಾಧಾನವೂ ಧಣಿಗಳ ಕೋಪವೂ ಎರಗುವುದು ಮಾತ್ರ ಗಲ್ಲಾದಲ್ಲಿ ಕುಳಿತ ಗುಮಾಸ್ತನ ಮೇಲೆ.

ದೋಷ ಗುಮಾಸ್ತನದಲ್ಲ. ಬಹುಮಟ್ಟಿಗೆ ಅದು ಇಡೀ ಯಂತ್ರದ ದೋಷವೂ ಅಲ್ಲ. ಯಂತ್ರದ ಒಂದೇ ಒಂದು ಅಂಗ ಹಿಂದುಳಿದಿದೆ. ಅದನ್ನು ಬದಲಿಸಿದರೆ ಹೊಸ ಯಂತ್ರಕ್ಕೆ ಸುರಿಯಬೇಕಾದ ಹಣದ ಅಲ್ಪಾಂಶದಲ್ಲಿ ಕೆಲಸ ಸಾಗುತ್ತದೆ. ಆದರೆ ಆ ಬದಲಾವಣೆಗೆ ಮುನ್ನ ಮಾಡಲೇಬೇಕಾದ ಕಾರ್ಯವೊಂದಿದೆ. ಅದನ್ನು ಮರೆತವರಿಗೆ ಉಳಿತಾಯಕ್ಕಿಂತ ನಷ್ಟವೇ ಹೆಚ್ಚಾದೀತು.

ದೋಷವಿರುವುದೆಲ್ಲಿ?

ಕಂಪ್ಯೂಟರನ್ನು ಒಂದು ಅಡುಗೆಮನೆಯೆಂದು ಭಾವಿಸೋಣ. ಲೆಕ್ಕ ಮಾಡುವ ಪ್ರೊಸೆಸರು ಅಡುಗೆ ಭಟ್ಟರಿದ್ದಂತೆ. ರ‍್ಯಾಮು ಎಂಬುದು ಅವರ ಮುಂದಿನ ಕಟ್ಟೆ. ಸದ್ಯ ಬೇಕಾದ ಸಾಮಾನುಗಳನ್ನು ಹರಡಿಕೊಳ್ಳುವ ಸ್ಥಳ. ಹಾರ್ಡ್ ಡಿಸ್ಕು ಉಗ್ರಾಣ. ಭಟ್ಟರ ಕೈ ಎಷ್ಟೇ ಚುರುಕಾಗಿರಲಿ, ಉಗ್ರಾಣಕ್ಕೆ ಹೋದ ಹುಡುಗ ಸಾಸಿವೆಗೊಂದು ಸಲ, ಉಪ್ಪಿಗೊಂದು ಸಲ ಸುತ್ತಿ ಬರುತ್ತಿದ್ದರೆ ಒಲೆ ಉರಿಯುತ್ತಿರುವುದೊಂದೇ ಫಲ.

ಹಾರ್ಡ್ ಡಿಸ್ಕಿನೊಳಗೆ ನಿಜವಾಗಿಯೂ ನಡೆಯುವುದು ಇದೇ. ಅದರಲ್ಲಿ ಕಾಂತಲೇಪನವುಳ್ಳ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತಿರುತ್ತವೆ. ಒಂದು ಕೈ ಆಚೀಚೆ ಸರಿದು ಮಾಹಿತಿಯನ್ನು ಹುಡುಕುತ್ತದೆ. ಕೈ ಸರಿಯಬೇಕು, ಬಳಿಕ ತಟ್ಟೆ ತಿರುಗಿ ಬೇಕಾದ ಜಾಗ ಕೈಯ ಕೆಳಗೆ ಬರಬೇಕು. ಇವೆರಡಕ್ಕೂ ಸೇರಿ ಒಂದೊಂದು ಹುಡುಕಾಟಕ್ಕೆ ಸುಮಾರು 12 ಮಿಲಿಸೆಕೆಂಡು ಹಿಡಿಯುತ್ತದೆ. ಒಂದು ಸಲಕ್ಕಾದರೆ ಇದು ಗಣನೆಗೆ ಬಾರದ ಕಾಲ. ಆದರೆ ಯಂತ್ರ ಎಚ್ಚರಗೊಳ್ಳುವಾಗ ಅಲ್ಲಲ್ಲಿ ಚದುರಿದ ಸಾವಿರಾರು ಚಿಕ್ಕ ಚಿಕ್ಕ ತುಣುಕುಗಳನ್ನು ಹುಡುಕಬೇಕಾಗುವುದರಿಂದ ಸೆಕೆಂಡುಗಳು ನಿಮಿಷಗಳಾಗುತ್ತವೆ.

ಸಾಲಿಡ್ ಸ್ಟೇಟ್ ಡ್ರೈವ್, ಅಂದರೆ ಎಸ್.ಎಸ್.ಡಿ.ಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಕೈಯೂ ಇಲ್ಲ. ಮಾಹಿತಿಯು ಫ್ಲಾಶ್ ಚಿಪ್ಪುಗಳಲ್ಲಿ ವಿದ್ಯುದಾವೇಶದ ರೂಪದಲ್ಲಿ ನಿಂತಿರುತ್ತದೆ. ಬೇಕಾದ ತುಣುಕು ಒಂದು ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲದಲ್ಲಿ ದೊರೆಯುತ್ತದೆ. ವ್ಯತ್ಯಾಸ ನೂರು ಪಟ್ಟಿಗೂ ಮಿಗಿಲು.

ಟನ್ನು ತೂಕದಿಂದ ಅಂಗೈಯಗಲಕ್ಕೆ

1956ರಲ್ಲಿ ಐ.ಬಿ.ಎಂ. ಕಂಪೆನಿಯು ಹೊರತಂದ ಪ್ರಥಮ ಡಿಸ್ಕು ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದುವು. ಅದರ ತೂಕ ಸುಮಾರು ಒಂದು ಟನ್ನು. ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಫ್ಲಾಶ್ ಸ್ಮೃತಿಯು ಜಪಾನಿನ ತೋಷಿಬಾ ಕಂಪೆನಿಯಲ್ಲಿ ಫ್ಯೂಜಿಯೋ ಮಸುವೋಕ ಎಂಬ ಎಂಜಿನಿಯರರು 1980ರ ದಶಕದಲ್ಲಿ ಕಂಡುಹಿಡಿದದ್ದು. ಇಂದು ಎರಡೂವರೆ ಅಂಗುಲದ ಒಂದು ಎಸ್.ಎಸ್.ಡಿ. ಅಂಗಿಯ ಜೇಬಿನಲ್ಲಿ ಸೇರುತ್ತದೆ.

ಮೊದಲು ಲೆಕ್ಕ, ಬಳಿಕ ತಿರುಪು

ಜಿ.ಎಸ್.ಟಿ. ಕಾನೂನಿನ 36ನೆಯ ಕಲಮಿನಂತೆ, ನೋಂದಾಯಿತ ವ್ಯಾಪಾರಿಯು ತನ್ನ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳುಗಳ ಕಾಲ ಕಾದಿಡಬೇಕು. ಅಂದರೆ ಆರು ವರ್ಷ. ಆ ಎಲ್ಲ ಲೆಕ್ಕವೂ ಗಲ್ಲಾದ ಕೆಳಗಿನ ಆ ಒಂದೇ ಡಬ್ಬಿಯಲ್ಲಿದ್ದರೆ, ಡಬ್ಬಿಯನ್ನು ಬಿಚ್ಚುವುದಕ್ಕೆ ಮುಂಚೆ ಅವುಗಳ ಪ್ರತಿ ತೆಗೆಯುವುದು ಅತ್ಯವಶ್ಯ. ಒಂದು ಪ್ರತಿ ಹೊರಗಿನ ಡಿಸ್ಕಿನಲ್ಲಿರಲಿ. ಇನ್ನೊಂದು ಹೋಟೆಲಿನಿಂದ ಹೊರಗೆ, ಬೇರೆ ಕಡೆ ಇರಲಿ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತವು ವಿಶಾಖಪಟ್ಟಣವನ್ನು ಅಪ್ಪಳಿಸಿದುದನ್ನು ಕಂಡವರಿಗೆ ಈ ಎರಡನೆಯ ಪ್ರತಿಯ ಅಗತ್ಯವನ್ನು ವಿವರಿಸಬೇಕಾಗಿಲ್ಲ.

ಕನ್ನಡ ಸಂಘಗಳ ಕಾರ್ಯದರ್ಶಿಗಳು ಇನ್ನೊಂದು ಸಂಗತಿಯನ್ನು ಗಮನಿಸತಕ್ಕದ್ದು. ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಗಳಲ್ಲಿ ಬರೆದಿಟ್ಟ ಸಭಾ ನಡವಳಿಗಳು, ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಆದುದರಿಂದ ಕಡತದೊಡನೆ ಅಕ್ಷರಶೈಲಿಯನ್ನೂ ಪ್ರತಿ ಮಾಡಿಕೊಳ್ಳಬೇಕು. ಸಾಧ್ಯವಾದರೆ ಇದೇ ಸಂದರ್ಭದಲ್ಲಿ ಅವನ್ನು ಯೂನಿಕೋಡಿಗೆ ಪರಿವರ್ತಿಸಿಬಿಡುವುದು ಲೇಸು.

ಕೊಳ್ಳುವ, ಕೂಡಿಸುವ ಕ್ರಮ

ಹಳೆಯ ಡೆಸ್ಕ್‌ಟಾಪಿಗೆ ಬೇಕಾದದ್ದು ಸಾಟಾ ಮಾದರಿಯ, ಎರಡೂವರೆ ಅಂಗುಲದ ಎಸ್.ಎಸ್.ಡಿ. ಚೂಯಿಂಗ್ ಗಮ್ಮಿನ ಪಟ್ಟಿಯಂತಿರುವ ಎಂ.2 ಮಾದರಿಗೆ ಹಳೆಯ ಮದರ್‌ಬೋರ್ಡುಗಳಲ್ಲಿ ಸಾಮಾನ್ಯವಾಗಿ ಜಾಗವಿರುವುದಿಲ್ಲ. ಬಿಲ್ಲು ಮತ್ತು ಲೆಕ್ಕದ ಕೆಲಸಕ್ಕೆ 240 ಅಥವಾ 256 ಜಿ.ಬಿ. ಧಾರಾಳ. ಒಂದು ಸಾಟಾ ಕೇಬಲನ್ನೂ, ದೊಡ್ಡ ಗೂಡಿನಲ್ಲಿ ಚಿಕ್ಕದನ್ನು ಕೂರಿಸುವ ಚೌಕಟ್ಟನ್ನೂ ಅಂಗಡಿಯಲ್ಲೇ ಕೇಳಿ ಪಡೆಯಿರಿ. ಮೆಮೊರಿ ಚಿಪ್ಪುಗಳ ಬೆಲೆ 2025ರ ಕೊನೆಯ ಭಾಗದಲ್ಲಿ ಏರತೊಡಗಿತು. ಆದಕಾರಣ ಎರಡು ಮೂರು ಕಡೆ ವಿಚಾರಿಸಿ, ವಾರಂಟಿ ಚೀಟಿಯೊಡನೆ ಕೊಳ್ಳುವುದು ಜಾಣತನ.

ಹೊಸದಕ್ಕೆ ಹಳೆಯದನ್ನು ಯಥಾವತ್ತಾಗಿ ನಕಲು ಮಾಡುವುದು ಒಂದು ಮಾರ್ಗ. ಎಲ್ಲವನ್ನೂ ಹೊಸದಾಗಿ ಸ್ಥಾಪಿಸುವುದು ಇನ್ನೊಂದು. ಬಿಲ್ಲಿಂಗ್ ತಂತ್ರಾಂಶದ ಮೂಲ ಪ್ರತಿಯಾಗಲಿ ಪರವಾನಗಿಯ ಸಂಖ್ಯೆಯಾಗಲಿ ಕೈಯಲ್ಲಿಲ್ಲದವರಿಗೆ ಮೊದಲನೆಯದೇ ಕ್ಷೇಮ. ಪೆಟ್ಟಿಗೆ ತೆರೆಯುವ ಮುನ್ನ ಪ್ಲಗ್ಗನ್ನು ಕಿತ್ತು, ಲೋಹದ ಭಾಗವನ್ನೊಮ್ಮೆ ಮುಟ್ಟಿ ಮೈಮೇಲಿನ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಳ್ಳಿರಿ. ಒಗ್ಗರಣೆಯ ಹೊಗೆಯಿಂದ ಫ್ಯಾನಿಗೆ ಅಂಟಿದ ಎಣ್ಣೆ ಜಿಡ್ಡನ್ನೂ ಧೂಳನ್ನೂ ಅಂದೇ ತೆಗೆಯಿರಿ. ಈ ಕಾರ್ಯವನ್ನು ವ್ಯಾಪಾರದ ವೇಳೆಯಲ್ಲಿ ಮಾಡದೆ, ಅಂಗಡಿ ಮುಚ್ಚಿದ ರಾತ್ರಿಗೆ ಇಟ್ಟುಕೊಳ್ಳಬೇಕು.

ಅತಿಯಾದ ಆಸೆ ಬೇಡ

ಎಸ್.ಎಸ್.ಡಿ. ಸರ್ವರೋಗ ನಿವಾರಕವಲ್ಲ. ಉಗ್ರಾಣ ಚುರುಕಾದರೂ ಕಟ್ಟೆ ಇಕ್ಕಟ್ಟಾಗಿದ್ದರೆ ಭಟ್ಟರು ಏನು ಮಾಡಿಯಾರು? ರ‍್ಯಾಮು 4 ಜಿ.ಬಿ.ಗಿಂತ ಕಡಮೆಯಿದ್ದರೆ ಅದನ್ನೂ ಹೆಚ್ಚಿಸಬೇಕು. ಇಂಟರ್‌ನೆಟ್ಟು ನಿಧಾನವಾಗಿದ್ದರೆ ಇದರಿಂದ ಪ್ರಯೋಜನವಿಲ್ಲ. ಸಾಟಾ ಕೊಂಡಿಯೇ ಇಲ್ಲದಷ್ಟು ಪುರಾತನ ಯಂತ್ರಕ್ಕೆ ಖರ್ಚು ಮಾಡುವುದು ವ್ಯರ್ಥ.

ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲಿನ ಎಂಟನೆಯ ಪೀಳಿಗೆ ಅಥವಾ ಅನಂತರದ ಪ್ರೊಸೆಸರೂ ಟಿ.ಪಿ.ಎಂ. 2.0 ಎಂಬ ರಕ್ಷಣಾ ವ್ಯವಸ್ಥೆಯೂ ಇರಬೇಕೆಂದು ಮೈಕ್ರೋಸಾಫ್ಟಿನ ನಿಯಮ. ಡಿಸ್ಕು ಬದಲಿಸಿದ ಮಾತ್ರಕ್ಕೆ ಈ ಅರ್ಹತೆ ಬರುವುದಿಲ್ಲ. ಬ್ಯಾಂಕಿನ ವ್ಯವಹಾರವನ್ನೂ ಇದೇ ಯಂತ್ರದಲ್ಲಿ ನಡೆಸುವವರು ಈ ವಿಷಯವನ್ನು ತಿಳಿದವರಲ್ಲಿ ಕೇಳಿಯೇ ಮುಂದುವರಿಯತಕ್ಕದ್ದು. ಮಕ್ಕಳ ಓದಿಗೆ, ಪತ್ರ ಬರೆಯುವುದಕ್ಕೆ ಮನೆಯಲ್ಲಿಟ್ಟ ಯಂತ್ರವಾದರೆ ಉಚಿತವಾಗಿ ದೊರೆಯುವ ಲಿನಕ್ಸನ್ನು ಹಾಕಿ ಇನ್ನೂ ಕೆಲವು ವರ್ಷ ನಿಶ್ಚಿಂತೆಯಿಂದ ಬಳಸಬಹುದು.

ಹಾರ್ಡ್ ಡಿಸ್ಕು ಕೆಡುವ ಮುನ್ನ ಅನೇಕ ವೇಳೆ ಕಟಕಟನೆ ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್.ಎಸ್.ಡಿ. ಸದ್ದಿಲ್ಲದೆಯೇ ನಿಂತುಹೋಗಬಹುದು; ನಿಂತ ಬಳಿಕ ಮಾಹಿತಿಯನ್ನು ಹೊರತೆಗೆಯುವುದು ಬಲು ಕಷ್ಟ. ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೆ ಅದರಲ್ಲಿನ ಆವೇಶ ಕ್ರಮೇಣ ಸೋರಿಹೋಗುವ ಸಂಭವವೂ ಉಂಟು. ಕರೆಂಟು ಥಟ್ಟನೆ ಹೋಗುವುದೂ ಅದಕ್ಕೆ ಹಿತವಲ್ಲ, ಯು.ಪಿ.ಎಸ್. ಇರಲಿ. ವಾರಕ್ಕೊಮ್ಮೆ ಪ್ರತಿ ತೆಗೆಯುವ ಅಭ್ಯಾಸವನ್ನು ಹೊಸ ಡಿಸ್ಕು ಬಂದಿತೆಂದು ಬಿಡತಕ್ಕದ್ದಲ್ಲ.

ಹೊರತೆಗೆದ ಹಳೆಯ ಡಿಸ್ಕನ್ನು ಗುಜರಿಯವನಿಗೆ ಹಾಗೆಯೇ ಕೊಡಬಾರದು. ಅಳಿಸಿದೆವೆಂದು ನಾವು ತಿಳಿದ ಲೆಕ್ಕಗಳನ್ನೂ ಗಿರಾಕಿಗಳ ಫೋನ್ ಸಂಖ್ಯೆಗಳನ್ನೂ ಬಲ್ಲವರು ಅದರಿಂದ ಮರಳಿ ಪಡೆಯಬಲ್ಲರು. ಹೊಸದು ಒಂದು ತಿಂಗಳು ಸರಿಯಾಗಿ ನಡೆಯುವವರೆಗೆ ಹಳೆಯದನ್ನು ಬೀರುವಿನಲ್ಲಿ ಜೋಪಾನವಾಗಿಡಿರಿ.

ಹೋಟೆಲು ಬಂಧುಗಳಲ್ಲೂ ಗುಮಾಸ್ತ ಮಿತ್ರರಲ್ಲೂ ನಮ್ಮ ವಿನಂತಿ ಇಷ್ಟೇ. ಈ ಕೆಲಸಕ್ಕೆ ದೊಡ್ಡ ಪದವಿ ಬೇಕಾಗಿಲ್ಲ. ನಾಲ್ಕು ತಿರುಪು, ಎರಡು ಕೇಬಲು, ಒಂದು ರಾತ್ರಿಯ ತಾಳ್ಮೆ ಸಾಕು. ಕೈಚಳಕವುಳ್ಳ ಒಬ್ಬ ಹುಡುಗನಿಗೆ ಧಣಿಗಳು ಇದನ್ನು ಕಲಿಯಗೊಟ್ಟರೆ, ಅವನಿಗೆ ಲೋಟ ತೊಳೆಯುವುದರ ಆಚೆಗೂ ಒಂದು ವಿದ್ಯೆ ಕೈಗೂಡುತ್ತದೆ. ಗಲ್ಲಾದ ಗುಮಾಸ್ತನಿಗೂ ತನ್ನದಲ್ಲದ ತಪ್ಪಿಗೆ ಮಾತು ಕೇಳುವುದು ತಪ್ಪುತ್ತದೆ.