ಒಂದಂಕಿಯ ತಪ್ಪು ಮತ್ತು ಸಂಕೇತಗಳ ಅಂತರ

ಹಳಿಯಾಳದ ಪಿನ್‌ಕೋಡ್ 581329, ದಾಂಡೇಲಿಯದು 581325. ಸಾಂಬ್ರಾಣಿಯ ವರ್ತಕರೊಬ್ಬರು ಹಳಿಯಾಳದ ಅಂಗಡಿಗೆ ಕಳುಹಿಸುವ ಪಾರ್ಸೆಲಿನ ಮೇಲೆ ಕೊನೆಯ 9ರ ಬದಲು 5 ಬರೆದರೆ ಅದು ತಪ್ಪೆಂದು ಯಾವ ಯಂತ್ರಕ್ಕೂ ತೋರದು. ಏಕೆಂದರೆ ಅದೂ ಸರಿಯಾದ ಪಿನ್‌ಕೋಡೇ. ಇವೆರಡರ ನಡುವಣ ಅಂತರ ಕೇವಲ ಒಂದು.

ಎರಡು ಸಂಕೇತಗಳು ಎಷ್ಟು ಸ್ಥಾನಗಳಲ್ಲಿ ಭಿನ್ನವಾಗಿರುತ್ತವೆಯೋ ಅಷ್ಟೇ ಅವುಗಳ ಅಂತರ. ಅಮೆರಿಕದ ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಪ್ರಬಂಧದಿಂದಾಗಿ ಇದಕ್ಕೆ ಹ್ಯಾಮಿಂಗ್ ಅಂತರವೆಂಬ ಹೆಸರು ಬಂದಿದೆ. ಯಾವುದೇ ಎರಡು ಸಕ್ರಮ ಸಂಕೇತಗಳ ನಡುವೆ ಕನಿಷ್ಠ 2ರ ಅಂತರವಿದ್ದಲ್ಲಿ, ಒಂದು ತಪ್ಪಿನಿಂದ ಒಂದು ಮತ್ತೊಂದಾಗಲಾರದು. ದೋಷ ಅಲ್ಲಿಯೇ ಸಿಕ್ಕಿಬೀಳುತ್ತದೆ. ಅಂತರ 3 ಇದ್ದರೆ ಎರಡು ತಪ್ಪುಗಳನ್ನು ಪತ್ತೆ ಹಚ್ಚಬಹುದು, ಅಥವಾ ಒಂದನ್ನು ಸರಿಪಡಿಸಲೂಬಹುದು.

ಸರಕಿನ ಪೊಟ್ಟಣದ ಮೇಲಿನ 13 ಅಂಕಿಗಳ ಬಾರ್‌ಕೋಡಿನಲ್ಲಿ ಕೊನೆಯದು ತಪಾಸಣಾ ಅಂಕಿ. ಅಂಕಿಗಳನ್ನು ಸರದಿಯಂತೆ 1 ಮತ್ತು 3ರಿಂದ ಗುಣಿಸಿ ಕೂಡಿದ ಮೊತ್ತ 10ರಿಂದ ನಿಶ್ಶೇಷವಾಗಿ ಭಾಗವಾಗಲೇಬೇಕು. ಒಂದು ಅಂಕಿ ಬದಲಾದರೂ ಮೊತ್ತ ಕೆಡುತ್ತದೆ. ಆದರೆ 16 ಎಂಬುದು 61 ಎಂದು ಅದಲುಬದಲಾದರೆ ಮೊತ್ತದ ವ್ಯತ್ಯಾಸ ಸರಿಯಾಗಿ 10, ತಪ್ಪು ನುಸುಳಿಹೋಗುತ್ತದೆ. ಆಧಾರ್ ಸಂಖ್ಯೆಯಲ್ಲಿ ಬಳಸಿರುವ ವೆರ್‌ಹೂಫ್ ವಿಧಾನವು ಅಕ್ಕಪಕ್ಕದ ಅಂಕಿಗಳ ಇಂತಹ ಅದಲುಬದಲನ್ನೂ ಬಿಡುವುದಿಲ್ಲ.

ವರ್ತಕರಿಗೆ ಹೆಚ್ಚು ಸಂಬಂಧಿಸಿದ್ದು 15 ಅಕ್ಷರಗಳ ಜಿಎಸ್‌ಟಿ ನೋಂದಣಿ ಸಂಖ್ಯೆ. ಮೊದಲೆರಡು ರಾಜ್ಯದ ಸಂಕೇತ (ಕರ್ನಾಟಕಕ್ಕೆ 29), ಮುಂದಿನ ಹತ್ತು ಪ್ಯಾನ್, ಹದಿನೈದನೆಯದು ತಪಾಸಣಾ ಅಕ್ಷರ. ಬೆರಳಚ್ಚಿನಲ್ಲಿ ಒಂದಕ್ಷರ ತಪ್ಪಿದರೆ ಗಣಕ ಒಪ್ಪುವುದಿಲ್ಲ. ಆದರೆ ಒಬ್ಬ ಗ್ರಾಹಕನ ಬದಲು ಮತ್ತೊಬ್ಬನ ಸಂಖ್ಯೆಯನ್ನೇ ಪೂರ್ತಿಯಾಗಿ ನಮೂದಿಸಿದರೆ ಗಣಿತಕ್ಕೆ ಅದರಲ್ಲಿ ದೋಷವೇ ಇಲ್ಲ! ಖರೀದಿದಾರನ ಜಿಎಸ್‌ಟಿಆರ್-2ಬಿಯಲ್ಲಿ ಆ ಬಿಲ್ಲು ಕಾಣದೆ ಹೂಡುವಳಿ ತೆರಿಗೆ ಜಮೆ ನಿಂತುಹೋಗುತ್ತದೆ. ಇದನ್ನು ತಿದ್ದಲು ಮುಂದಿನ ಆರ್ಥಿಕ ವರ್ಷದ ನವೆಂಬರ್ 30 ಅಥವಾ ವಾರ್ಷಿಕ ವಿವರಪಟ್ಟಿ ಸಲ್ಲಿಸಿದ ದಿನ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಅವಕಾಶ.

ಬ್ಯಾಂಕ್ ಖಾತೆಗಳ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಎಲ್ಲ ಬ್ಯಾಂಕುಗಳಿಗೂ ಅನ್ವಯಿಸುವ ಏಕರೂಪದ ತಪಾಸಣಾ ಅಂಕಿ ಇಲ್ಲ. ಹಣವನ್ನು ಖಾತೆ ಸಂಖ್ಯೆಯ ಆಧಾರದ ಮೇಲೆಯೇ ಜಮೆ ಮಾಡಬಹುದೆಂದು ರಿಸರ್ವ್ ಬ್ಯಾಂಕ್ 2010ರಲ್ಲಿ ತಿಳಿಸಿತ್ತು. ಆರ್‌ಟಿಜಿಎಸ್, ಎನ್‌ಇಎಫ್‌ಟಿ ಪಾವತಿಗೆ ಮುನ್ನ ಫಲಾನುಭವಿಯ ಹೆಸರನ್ನು ತೋರಿಸುವ ಸೌಲಭ್ಯವನ್ನು 1-4-2025ರೊಳಗೆ ಒದಗಿಸುವಂತೆ ಅದು ಬ್ಯಾಂಕುಗಳಿಗೆ ಸೂಚಿಸಿದ್ದು 2024ರ ಡಿಸೆಂಬರ್‌ನಲ್ಲಿ.